ದೊಡ್ಡ ಮೈ, ತೆಳು ಮೈ, ಸಣ್ಣ ಮೈ: ವೇದಿಕೆಗೆ ಯಾವ ಗಿಟಾರ್?

ಮೊದಲೇ ಹೇಳಿಬಿಡುತ್ತೇನೆ. ನಾನು ನುಡಿಸಿ ನೋಡಿದ ಮೂರು ಸೆಮಿ ಅಕೂಸ್ಟಿಕ್ (ಅಂದರೆ ಹಾಗೆಯೂ, ಕೇಬಲ್ ಹಾಕಿ ಸ್ಪೀಕರ್ ಮೂಲಕವೂ ನುಡಿಸಬಹುದಾದ) ಗಿಟಾರ್‌ಗಳಲ್ಲಿ ನನಗೆ ಇಷ್ಟವಾದದ್ದು ಯಮಾಹಾ ಎಫ್‌ಎಸ್‌ಎಕ್ಸ್ 800ಸಿ. ಈಗ ನನ್ನ ಹತ್ತಿರ ಇರುವುದೂ ಅದೇ. ಅದಕ್ಕೆ ಮೊದಲು ಆನ್‌ಲೈನ್‌ನಲ್ಲಿ ತರಿಸಿದ ದೊಡ್ಡ ಮೈಯ ಡ್ರೆಡ್‌ನಾಟ್ ಒಂದಿತ್ತು. ಅದರ ಕಂಪನಿಯ ಹೆಸರು ಬೇಡ. ಇನ್ನೊಂದು ಯಮಾಹಾದ್ದೇ ಎಪಿಎಕ್ಸ್ 600. ಅದು ನನ್ನ ತಮ್ಮನದು. ಒಂದೇ ಮನೆಯಾದ್ದರಿಂದ ಅದನ್ನೂ ಸಾಕಷ್ಟು ನುಡಿಸಿದ್ದೇನೆ.

ನನ್ನ ಅಭ್ಯಾಸ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ನಮ್ಮ ಮನೆ ಇರುವುದು ಮಂಗಳೂರಿನಲ್ಲಿ. ಭಾವಗೀತೆ ಹಾಡುವವರ ಜೊತೆ ನಾನು ನುಡಿಸುತ್ತೇನೆ. ರಾಜ್ಯೋತ್ಸವ, ಗಣೇಶೋತ್ಸವ, ಶಾಲೆಗಳ ವಾರ್ಷಿಕೋತ್ಸವ, ಹೀಗೆ. ಒಂದು ತಬಲಾ, ಒಂದು ಕೀಬೋರ್ಡ್, ಪಕ್ಕದಲ್ಲಿ ನಾನು. ಕುಳಿತೇ ನುಡಿಸುವುದು. ಸ್ಟ್ರಮ್ಮಿಂಗ್, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವುದು, ಕಡಿಮೆ; ಬೆರಳಿನಿಂದ ಒಂದೊಂದೇ ತಂತಿ ಮೀಟುವುದು ಜಾಸ್ತಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆಂಪ್ (ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ಮುಟ್ಟುವುದೇ ಇಲ್ಲ. ಬಜೆಟ್ 30,000 ರೂಪಾಯಿ, ಬಹಳ ಅಂದರೆ ಇನ್ನೊಂದೆರಡು ಸಾವಿರ.

ದೊಡ್ಡ ಮೈಯ ಗಿಟಾರ್ ಮನೆಯಲ್ಲಿ ಬಹಳ ಚೆನ್ನಾಗಿಯೇ ಕೇಳಿಸುತ್ತಿತ್ತು. ಕೆಳಗಿನ ಸ್ವರಗಳು ಕೋಣೆ ತುಂಬುತ್ತಿದ್ದವು. ತೊಂದರೆ ಶುರುವಾದದ್ದು ಕೇಬಲ್ ಹಾಕಿದ ಮೇಲೆ. ಎರಡನೇ ತಂತಿ, ಅಂದರೆ ಬಿ ತಂತಿ, ಸ್ಪೀಕರ್‌ನಲ್ಲಿ ಹಿಂದೆ ಸರಿಯುತ್ತಿತ್ತು. ಉಳಿದ ಐದೂ ಸರಿಯಾಗಿ ಬರುತ್ತಿದ್ದವು, ಅದೊಂದು ಮಾತ್ರ ಅರ್ಧದಷ್ಟೂ ಕೇಳಿಸುತ್ತಿರಲಿಲ್ಲ. ಜೋರಾಗಿ ಸ್ಟ್ರಮ್ ಮಾಡುವವರಿಗೆ ಇದು ಗೊತ್ತೇ ಆಗದಿರಬಹುದು. ಬೆರಳಲ್ಲಿ ನುಡಿಸುವವರಿಗೆ ಹಾಗಲ್ಲ. ಸಿ, ಎ ಮೈನರ್, ಡಿ, ಎಫ್, ಈ ಎಲ್ಲ ಕಾರ್ಡ್‌ಗಳಲ್ಲೂ ರಾಗದ ಸುಳಿವು ಕೊಡುವ ಸ್ವರ ಎಷ್ಟೋ ಸಲ ಆ ತಂತಿಯ ಮೇಲೇ ಇರುತ್ತದೆ. ಹಾಡುವವರು ಪಲ್ಲವಿಗೆ ಮರಳುವಾಗ ಕಿವಿಗೊಡುವುದೂ ಆ ಸ್ವರಕ್ಕೇ. ಅದು ಕಾಣೆಯಾದರೆ ಅವರಿಗೂ ಕಷ್ಟ, ನನಗೂ ಕಷ್ಟ.

ಇದು ಯಾಕಾಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಯಾವ ಕಂಪನಿಯ ಗಿಟಾರ್‌ನಲ್ಲೂ ಇದು ಬರಬಹುದು. ಇಂಥ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಬ್ರಿಡ್ಜ್ (ಮುಂದಿನ ಹಲಗೆಯ ಮೇಲೆ ತಂತಿಗಳ ಬುಡ ಸಿಕ್ಕಿಸುವ ಮರದ ತುಂಡು) ಮೇಲಿನ, ತಂತಿಗಳನ್ನು ಹೊರುವ ಸಣ್ಣ ತುಂಡಾದ ಸ್ಯಾಡಲ್‌ನ ಅಡಿಯಲ್ಲಿ ತೆಳ್ಳಗಿನ ಪಟ್ಟಿಯೊಂದು ಇರುತ್ತದೆ. ಅದೇ ಪೀಜೋ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ಇಲ್ಲಿ ನಡೆಯುವುದೂ ಅದೇ. ತಂತಿ ಕಂಪಿಸಿದಾಗ ಸ್ಯಾಡಲ್ ಪಟ್ಟಿಯನ್ನು ಒತ್ತುತ್ತದೆ, ಆ ಒತ್ತಡ ಸಿಗ್ನಲ್ ಆಗುತ್ತದೆ. ಅಂದರೆ ಆರೂ ತಂತಿಗಳ ಕೆಳಗೆ ಒತ್ತಡ ಹೆಚ್ಚುಕಡಿಮೆ ಸಮ ಇರಬೇಕು. ಸ್ಯಾಡಲ್‌ನ ತಳ ಒಂದು ಕಡೆ ಸ್ವಲ್ಪ ಉಬ್ಬುತಗ್ಗಾಗಿದ್ದರೆ, ಅಥವಾ ಅದು ಕೂರುವ ಗಾಡಿಯಲ್ಲಿ, ಅಂದರೆ ಬ್ರಿಡ್ಜ್ ಮೇಲೆ ಕೊರೆದ ಸೀಳಿನಲ್ಲಿ, ಮರದ ಪುಡಿ ಉಳಿದಿದ್ದರೆ ಸಾಕು, ಒಂದು ತಂತಿಯ ದನಿ ಬಿದ್ದುಹೋಗುತ್ತದೆ. ತಂತಿ ಎತ್ತರ ಇದೆ ಅಂತ ಸ್ಯಾಡಲ್‌ನ ತಳ ಉಜ್ಜಿಸುವವರು ಬಹಳ ಜನ. ಉಜ್ಜುವುದು ಓರೆಯಾದರೂ ಇದೇ ಕಥೆ.

ಮಿಕ್ಸರ್ ಹತ್ತಿರ ಕೂತ ಸೌಂಡ್‌ನವರಿಗೆ ಹೇಳಿದರೆ ಅವರು ಈಕ್ಯೂ (ಕೆಳ, ನಡು, ಮೇಲಿನ ಸ್ವರಗಳನ್ನು ಏರಿಸಿ ಇಳಿಸುವ ಗುಂಡಿಗಳು) ತಿರುಗಿಸುತ್ತಾರೆ. ಪಾಪ, ಅವರಾದರೂ ಬೇರೆ ಏನು ಮಾಡಬಲ್ಲರು? ಮಿಡ್, ಅಂದರೆ ನಡುವಿನ ಸ್ವರಗಳನ್ನು, ಏರಿಸಿದರೆ ಎಲ್ಲ ತಂತಿಗಳದ್ದೂ ಏರುತ್ತದೆ. ಒಂದೇ ತಂತಿಯನ್ನು ಮೇಲೆ ತರುವ ಗುಂಡಿ ಯಾವ ಮಿಕ್ಸರ್‌ನಲ್ಲೂ ಇಲ್ಲ. ತಂತಿಗಳನ್ನು ಸಡಿಲಿಸಿ, ಸ್ಯಾಡಲ್ ತೆಗೆದು, ಗಾಡಿ ಒರೆಸಿ ಮತ್ತೆ ಕೂರಿಸಿ ನೋಡಿದೆ. ಕೆಲವು ದಿನ ಸರಿಹೋಯಿತು. ಮಳೆ ಹಿಡಿದಾಗ ಮತ್ತೆ ಶುರು. ಅದು ಸಾಲಿಡ್ ಟಾಪ್ ಗಿಟಾರ್, ಅಂದರೆ ಮುಂದಿನ ಹಲಗೆ ಒಂದೇ ಪದರದ ಮರ. ತೇವ ಹೀರಿದ ಮರ ಉಬ್ಬುತ್ತದೆ. ಉಬ್ಬಿದಾಗ ಬ್ರಿಡ್ಜ್ ಒಂಚೂರು ಅಲುಗಿದರೂ ಸ್ಯಾಡಲ್ ಕೂತ ರೀತಿ ಬದಲಾಗುತ್ತದೆ. ರಿಪೇರಿಯವರು ಹೊಸ ಸ್ಯಾಡಲ್ ಮಾಡಿಸಿ, ಗಾಡಿಯ ತಳವನ್ನೂ ಸಮ ಮಾಡಿಸಿ ಅಂದರು. ಅಷ್ಟು ಖರ್ಚು ಮಾಡಿ ಆ ಗಿಟಾರ್ ಇಟ್ಟುಕೊಳ್ಳುವ ಮನಸ್ಸಾಗಲಿಲ್ಲ. ತೊಂದರೆ ಏನು ಅಂತ ಬಿಡಿಸಿ ಹೇಳಿಯೇ, ಮನೆಯಲ್ಲಿ ಮಾತ್ರ ನುಡಿಸುವ ಹುಡುಗನೊಬ್ಬನಿಗೆ ಕೊಟ್ಟೆ.

ಹಾಗಾಗಿ ಅಂಗಡಿಗೆ ಹೋದಾಗ ಈ ಪರೀಕ್ಷೆ ಮಾಡಿಯೇ ಮಾಡಿ. ಆಂಪ್‌ಗೆ ಹಾಕಿಸಿ. ಈಕ್ಯೂ ಗುಂಡಿಗಳನ್ನೆಲ್ಲ ನಡುವಿಗೆ ತನ್ನಿ. ರಿವರ್ಬ್ (ಸದ್ದಿಗೆ ಸೇರಿಸುವ ಗುಂಗು) ಆಫ್ ಮಾಡಿಸಿ. ಆಮೇಲೆ ಒಂದೊಂದೇ ತಂತಿಯನ್ನು ಒಂದೇ ಬಿರುಸಿನಲ್ಲಿ ಹೆಬ್ಬೆರಳಿನಿಂದ ಮೀಟಿ. ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಅಲೆಗಳ ಎತ್ತರ ನೋಡಿ. ಅಂಗಡಿಯವರು ಝಗಮಗ ನುಡಿಸಿ ತೋರಿಸುವಾಗ ಇದು ಯಾವುದೂ ಗೊತ್ತಾಗುವುದಿಲ್ಲ. ಎಫ್‌ಎಸ್‌ಎಕ್ಸ್ 800ಸಿ ತೆಗೆದುಕೊಳ್ಳುವಾಗ ನಾನು ಅಂಗಡಿಯಲ್ಲಿದ್ದ ಎರಡು ಪೀಸ್‌ಗಳನ್ನೂ ಹೀಗೆ ನೋಡಿ, ಹೆಚ್ಚು ಸಮ ಇದ್ದದ್ದನ್ನು ತಂದೆ.

ಈಗ ಎಪಿಎಕ್ಸ್ 600. ಇದರ ಮೈ ತೆಳು. ನಿಂತು ನುಡಿಸುವವರಿಗೆ, ಎಲೆಕ್ಟ್ರಿಕ್ ಗಿಟಾರ್‌ನಿಂದ ಬಂದವರಿಗೆ ಇದರಷ್ಟು ಆರಾಮ ಬೇರೊಂದಿಲ್ಲ. ತಮ್ಮ ಬ್ಯಾಂಡ್‌ನಲ್ಲಿ ನುಡಿಸುತ್ತಾನೆ, ಡ್ರಮ್ಸ್ ಪಕ್ಕದಲ್ಲೇ ನಿಲ್ಲುತ್ತಾನೆ, ಅವನಿಗೆ ಇದೇ ಸರಿ. ಮಾನಿಟರ್ (ನುಡಿಸುವವರ ಕಡೆಗೇ ತಿರುಗಿಸಿಟ್ಟ ಸ್ಪೀಕರ್) ಎದುರು ನಿಂತರೂ ಇದು ಅಷ್ಟು ಸುಲಭಕ್ಕೆ ಕೂಗುವುದಿಲ್ಲ. ಮೈ ದೊಡ್ಡದಿದ್ದಷ್ಟೂ ಸ್ಪೀಕರ್‌ನ ಸದ್ದಿಗೆ ಗಿಟಾರ್‌ನ ಹಲಗೆ ತಾನೂ ಅದುರಿ ಫೀಡ್‌ಬ್ಯಾಕ್ ಕೊಡುವುದು ಜಾಸ್ತಿ. ಇದರ ಟಾಪ್ ಸಾಲಿಡ್ ಅಲ್ಲ, ಪದರಗಳನ್ನು ಅಂಟಿಸಿ ಮಾಡಿದ್ದು. ನಮ್ಮ ಕರಾವಳಿಯ ಮಳೆಗಾಲಕ್ಕೆ ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಹವೆ ಬದಲಾದರೂ ಅಷ್ಟಾಗಿ ಅಲುಗುವುದಿಲ್ಲ.

ಆದರೆ ಕೇಬಲ್ ಇಲ್ಲದೆ ನುಡಿಸಿದಾಗ ನನಗೆ ತೃಪ್ತಿಯಾಗಲಿಲ್ಲ. ಸಣ್ಣಗೆ, ಸ್ವಲ್ಪ ಒಣಗಿದಂತೆ ಕೇಳಿಸುತ್ತದೆ. ತೆಳು ಮೈಯಿಂದ ಅದಕ್ಕಿಂತ ಹೆಚ್ಚು ಕೇಳುವುದೂ ನ್ಯಾಯವಲ್ಲ. ನಾನು ನುಡಿಸುವುದರಲ್ಲಿ ಹೆಚ್ಚಿನ ಪಾಲು ಮನೆಯ ಜಗಲಿಯಲ್ಲಿ, ಹಾಡುವವರನ್ನು ಎದುರು ಕೂರಿಸಿಕೊಂಡು. ಅಲ್ಲಿ ಮರದ ದನಿಯೇ ಬೇಕು.

ಎಫ್‌ಎಸ್‌ಎಕ್ಸ್ 800ಸಿ ಈ ಎರಡರ ನಡುವೆ ಕೂರುತ್ತದೆ. ಯಮಾಹಾದ ಎಫ್‌ಜಿ ಗಿಟಾರ್‌ಗಳು 1966ರಿಂದ ಬರುತ್ತಿವೆ; ಎಫ್‌ಎಸ್ ಅಂದರೆ ಅದೇ ಮನೆತನದ ಸಣ್ಣ ಮೈ. ಟಾಪ್ ಸಾಲಿಡ್ ಸ್ಪ್ರೂಸ್. ತಂತಿ ಕಂಪಿಸುವ ಉದ್ದ, ಅಂದರೆ ಸ್ಕೇಲ್, 634 ಮಿ.ಮೀ. ಎಫ್‌ಜಿಯಲ್ಲಿ 650. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಕೈಗೆ ಸಣ್ಣದಲ್ಲ. ತಂತಿಯ ಬಿಗಿ ಕಡಿಮೆ, ಎಫ್ ಬಾರ್ (ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತುವ ಎಫ್ ಕಾರ್ಡ್) ಹಿಡಿದು ಪೂರ್ತಿ ಚರಣ ನುಡಿಸಿದರೂ ಮಣಿಕಟ್ಟು ನೋಯುವುದಿಲ್ಲ. ಕುಳಿತಾಗ ಬಲಗೈ ತೋಳು ಮೇಲೇಳದೆ ತಂತಿಗೆ ಸಿಗುತ್ತದೆ. ಕೆಳಸ್ವರ ಡ್ರೆಡ್‌ನಾಟ್‌ನಷ್ಟು ಇಲ್ಲ, ನಿಜ. ಆದರೆ ತಬಲಾದ ಎಡ ಮತ್ತು ಕೀಬೋರ್ಡ್‌ನ ಎಡಗೈ ಇರುವ ಕಡೆ ನನ್ನ ಗಿಟಾರ್‌ನಿಂದ ಇನ್ನಷ್ಟು ಬೇಸ್ ಯಾಕೆ ಬೇಕು? ನಡುವಿನ ಸ್ವರಗಳು ಬಿಡಿಬಿಡಿಯಾಗಿ ಕೇಳಿಸಬೇಕು. ಇದರಲ್ಲಿ ಅದು ಸಿಗುತ್ತದೆ. ಮೂರನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿದರೂ ಸಿಗುತ್ತದೆ.

ಪ್ಲಗ್ ಹಾಕಿದಾಗ ಪೀಜೋದ ಆ ಗಾಜಿನಂಥ ಚುರುಕು ಇದರಲ್ಲೂ ಇದೆ. ಟ್ರೆಬಲ್ ಸ್ವಲ್ಪ ಇಳಿಸಿದರೆ ಆಯಿತು. ಟ್ಯೂನರ್ ಒಳಗೇ ಇದೆ, ಕೆಲಸ ಮಾಡುತ್ತದೆ. ಕೂಗು ಬಂದರೆ ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಹಾಕುತ್ತೇನೆ.

ಸಾಲಿಡ್ ಟಾಪ್ ಆದ್ದರಿಂದ ಆರೈಕೆ ಬೇಕು. ಇಂಥ ಗಿಟಾರ್‌ಗಳಿಗೆ ಶೇಕಡಾ 45ರಿಂದ 55ರ ತೇವಾಂಶ ಹಿತ. ಜುಲೈ ತಿಂಗಳ ಮಂಗಳೂರಿನಲ್ಲಿ ಅದು ಕನಸು. ಮಳೆಗಾಲದಲ್ಲಿ ಗೋಡೆಗೆ ನೇತುಹಾಕದೆ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಪೊಟ್ಟಣಗಳನ್ನು ಬದಲಿಸುತ್ತಿರಬೇಕು. ಇಷ್ಟು ಮಾಡಲು ಬೇಜಾರು ಅನ್ನುವವರು ಸುಮ್ನೆ ಎಪಿಎಕ್ಸ್ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ಬ್ಯಾಟರಿ ಬಗ್ಗೆ ಒಂದು ಮಾತು: ಈ ಗಿಟಾರ್‌ಗಳಲ್ಲಿ ಕೇಬಲ್ ಚುಚ್ಚಿದ ಕೂಡಲೇ ಪ್ರೀಆಂಪ್ (ಪಿಕಪ್‌ನ ಸಿಗ್ನಲ್ ಬಲಪಡಿಸುವ, ಬ್ಯಾಟರಿಯಿಂದ ನಡೆಯುವ ಭಾಗ) ಆನ್ ಆಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ತೆಗೆಯಿರಿ, ಇಲ್ಲದಿದ್ದರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ಬಜೆಟ್ ಇನ್ನೂ ಹೆಚ್ಚಿದ್ದರೆ ದುಬಾರಿ ಗಿಟಾರ್‌ಗೆ ಹಾರುವ ಮೊದಲು ಒಂದು ಡಿಐ ಬಾಕ್ಸ್ (ಗಿಟಾರ್ ಮತ್ತು ಮಿಕ್ಸರ್ ನಡುವೆ ಹಾಕುವ ಸಣ್ಣ ಪೆಟ್ಟಿಗೆ) ತಗೊಳ್ಳಿ ಅಂತ ನಾನು ಹೇಳುತ್ತೇನೆ. ವೇದಿಕೆಯಿಂದ ಮಿಕ್ಸರ್‌ವರೆಗೆ ಉದ್ದಕ್ಕೆ ಗಿಟಾರ್ ಕೇಬಲ್ ಎಳೆದರೆ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಡಿಐ ಬಾಕ್ಸ್ ಗಿಟಾರ್‌ನ ಸಿಗ್ನಲ್ ಅನ್ನು ಮೈಕ್ ಕೇಬಲ್‌ನಲ್ಲಿ ಶುದ್ಧವಾಗಿ ಕಳಿಸುತ್ತದೆ. ಗಿಟಾರ್‌ನಲ್ಲೇ ಪ್ರೀಆಂಪ್ ಇರುವುದರಿಂದ ಕಡಿಮೆ ಬೆಲೆಯ ಪ್ಯಾಸಿವ್ (ವಿದ್ಯುತ್ ಬೇಡದ) ಡಿಐ ಸಾಕು. ಸಣ್ಣ ಊರಿನ ಸೌಂಡ್‌ನವರ ಹತ್ತಿರ ಅದು ಹಲವು ಸಲ ಇರುವುದಿಲ್ಲ, ನಿಮ್ಮದೇ ಒಂದು ಬ್ಯಾಗಿನಲ್ಲಿರಲಿ.