ಏರ್ ಮೋಷನ್ ಟ್ವೀಟರ್ ತರಿಸುವ ಮೊದಲು ಇದನ್ನು ಓದಿ

ಮನೆಯಲ್ಲೇ ಸ್ಪೀಕರ್ ಕಟ್ಟುವ ಎಲ್ಲ ಗೆಳೆಯರಿಗೆ ಈ ಮಾತು. ಸ್ಪೀಕರಿನಲ್ಲಿ ಏರುದನಿಯ ಸದ್ದು ಕೊಡುವ ಘಟಕ ಟ್ವೀಟರ್, ಇಳಿದನಿಯದು ವೂಫರ್; ಹರ್ಟ್ಜ್ ಹೆಚ್ಚಿದಷ್ಟೂ ಸ್ವರ ಏರು. ನೆರಿಗೆ ಪೊರೆಯ ಏರ್ ಮೋಷನ್ ಟ್ವೀಟರ್, ಮಾರುವವರ ಬಾಯಲ್ಲಿ ಎಎಂಟಿ, ಈಗ ಆನ್‌ಲೈನಿನಲ್ಲಿ ಹೇರಳವಾಗಿ ಸಿಗುತ್ತಿದೆ. ಅದರ ವಿವರದ ಹಾಳೆಯಲ್ಲಿ ‘1500 ಹರ್ಟ್ಜ್‌ನಿಂದ ಬಳಸಬಹುದು’ ಅಂತ ಇದ್ದರೆ, ಆ ಒಂದು ಸಾಲನ್ನು ನಂಬಿ ವೂಫರ್ ಆರಿಸಬೇಡಿ, ಬಾಕ್ಸಿಗೆ ಎಂಡಿಎಫ್ ಹಲಗೆ ಕೊಯ್ಯಿಸಬೇಡಿ. ದಾವಣಗೆರೆಯಲ್ಲಿ ನಾವು ಕಟ್ಟಿದ ಒಂದು ಜೋಡಿ ಸ್ಪೀಕರ್ ಪೂರ್ತಿ ಹಾಳಾಗಿದ್ದು ಆ ಸಾಲಿನಿಂದಲೇ.

ವಿದ್ಯಾನಗರದಲ್ಲಿರುವ ನಮ್ಮ ಭಾವನವರ ಮನೆಗೆ ಮಾಡುತ್ತಿದ್ದ ಸ್ಪೀಕರ್ ಅದು. ಅವರ ಹತ್ತಿರ 8 ಇಂಚಿನ ಒಳ್ಳೆಯ ವೂಫರ್ ಜೋಡಿ ಇತ್ತು. 8 ಇಂಚಿನ ವೂಫರನ್ನು 3000 ಹರ್ಟ್ಜ್‌ವರೆಗೆ ಹಾಡಿಸಲು ಆಗುವುದಿಲ್ಲ. ಅಷ್ಟು ಏರಿದ ಸ್ವರದಲ್ಲಿ ಸದ್ದಿನ ಅಲೆಯ ಉದ್ದ 11.5 ಸೆಂಟಿಮೀಟರ್ ಅಷ್ಟೇ, ಕೋನ್ ಅದಕ್ಕಿಂತ ಅಗಲ. ಹಾಗಾಗಿ ಸದ್ದು ಕೋಣೆಗೆ ಹರಡದೆ ನೇರ ಮುಂದಕ್ಕೇ ಹೋಗುತ್ತದೆ, ಪಕ್ಕದಲ್ಲಿ ಕೂತವರಿಗೆ ಮಂಕಾಗಿ ಕೇಳುತ್ತದೆ. ಅದಕ್ಕೇ ಕೆಳಗಿನವರೆಗೆ ಇಳಿಯುವ ಟ್ವೀಟರ್ ಬೇಕಿತ್ತು. ಕೊಳ್ಳುವ ಮೊದಲೇ ಮಾರಾಟಗಾರನಿಗೆ ಫೋನ್ ಮಾಡಿ ಇದನ್ನೇ ಬಿಡಿಸಿ ಕೇಳಿದೆ.

“ಸರ್, ಇದು ಎಎಂಟಿ ಸರ್, ಡೋಮ್ ತರ ಅಲ್ಲ. 1500ಕ್ಕೆ ಆರಾಮಾಗಿ ಕ್ರಾಸ್ ಮಾಡಿ, ಏನೂ ಆಗಲ್ಲ” ಅಂದರು. ಡೋಮ್ ಅಂದರೆ ಗುಮ್ಮಟದಂಥ ಪೊರೆಯ ಸಾಮಾನ್ಯ ಟ್ವೀಟರ್. 1500ಕ್ಕೆ ಕ್ರಾಸ್ ಮಾಡುವುದು ಅಂದರೆ ಅದಕ್ಕಿಂತ ಮೇಲಿನ ಸದ್ದನ್ನು ಟ್ವೀಟರಿಗೆ, ಕೆಳಗಿನದನ್ನು ವೂಫರಿಗೆ ಹಂಚುವುದು. ಅದನ್ನೇ ಮೆಸೇಜಿನಲ್ಲೂ ಕಳಿಸಿದರು. ಜೊತೆಗೆ ಗೆರೆ ಎಳೆದಷ್ಟು ನೇರವಾದ ಒಂದು ಗ್ರಾಫ್, ಒಂದು ವಿಡಿಯೋ.

ನಿಟ್ಟುವಳ್ಳಿಯ ಬಡಗಿ 18 ಎಂಎಂ ಎಂಡಿಎಫ್‌ನಲ್ಲಿ ಬಹಳ ಅಚ್ಚುಕಟ್ಟಾಗಿ ಬಾಕ್ಸ್ ಮಾಡಿಕೊಟ್ಟರು. ಮೊದಲು ಹಾಕಿದ್ದು ಭಜನೆ. ತಾಳದ ಸದ್ದು, ತಂಬೂರಿಯ ಝೇಂಕಾರ ಎಷ್ಟು ಬಿಡಿಬಿಡಿಯಾಗಿ ಬಂತೆಂದರೆ ಭಾವ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟರು. ಆಮೇಲೆ ಹೆಣ್ಣುದನಿಯ ವಚನಗಾಯನ. ಮೆಲ್ಲಗೆ ಇಟ್ಟಾಗ ಚೆನ್ನಾಗಿತ್ತು. ವಾಲ್ಯೂಮ್ ಏರಿಸಿದ ಕೂಡಲೇ, ಗಾಯಕಿ ತಾರಕ್ಕೆ ಹೋದ ಕಡೆಯಲ್ಲೆಲ್ಲ ದನಿಗೆ ಒಡಕು. ಅಕ್ಕ ಒಳಗಿಂದ ಬಂದು, “ಅದನ್ನ ಸಣ್ಣಗೆ ಮಾಡ್ರೋ, ಕಿವಿಗೆ ಚುಚ್ತೈತಿ” ಅಂದಳು. ಮಾರಾಟಗಾರನ ವಿಡಿಯೋದಲ್ಲಿ ಬರೀ ಗಂಟೆ, ಗೆಜ್ಜೆ, ಸಿಂಬಲ್ ಯಾಕಿದ್ದವು ಅನ್ನುವುದು ಆಗ ಅರ್ಥವಾಯಿತು. ಅವುಗಳ ಸದ್ದಿನ ಬಹುಪಾಲು ಮೇಲಿನ ಭಾಗದಲ್ಲೇ ಇರುತ್ತದೆ. ಈ ಟ್ವೀಟರ್ ಸೋಲುವ ಜಾಗಕ್ಕೆ ಅವು ಅಷ್ಟಾಗಿ ಇಳಿಯುವುದಿಲ್ಲ.

ಟೆರೇಸಿಗೆ ಒಯ್ದು ಅಳೆದೆವು. ಸದ್ದು ಅಳೆಯುವ ಆರ್‌ಇಡಬ್ಲ್ಯೂ ಅನ್ನುವ ತಂತ್ರಾಂಶ ಉಚಿತ. ಮೈಕಿನ ಏರುಪೇರನ್ನು ಸರಿದೂಗಿಸುವ ಕ್ಯಾಲಿಬ್ರೇಷನ್ ಫೈಲ್ ಇರುವ ಒಂದು ಯುಎಸ್‌ಬಿ ಮೈಕ್ ಇದ್ದರೆ ಸಾಕು. ಸ್ಪೀಕರ್ ಮತ್ತು ಮೈಕ್ ಎರಡನ್ನೂ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಇಟ್ಟು, ನಡುವೆ ಒಂದು ಮೀಟರ್ ಅಂತರ ಬಿಟ್ಟರೆ ನೆಲದಿಂದ ತಿರುಗಿ ಬರುವ ಸದ್ದು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರೊಳಗಿನದನ್ನು ಮಾತ್ರ ಕತ್ತರಿಸಿಕೊಂಡರೆ ಟ್ವೀಟರ್ ಅಳೆಯಲು ಬೇರೆ ಲ್ಯಾಬ್ ಬೇಡ. ಪ್ಯಾರಾಪೆಟ್ ಗೋಡೆ ಹತ್ತಿರ ಇಡಬೇಡಿ, ಅದೂ ಸದ್ದನ್ನು ತಿರುಗಿ ಕಳಿಸುತ್ತದೆ.

ಒಂದು ಮೀಟರಿಗೆ 90 ಡೆಸಿಬಲ್ ಬರುವಂತೆ ನುಡಿಸಿದಾಗ, 3000 ಹರ್ಟ್ಜ್‌ಗಿಂತ ಮೇಲೆ ಡಿಸ್ಟಾರ್ಶನ್, ಅಂದರೆ ಮೂಲದಲ್ಲಿ ಇಲ್ಲದೆ ಸೇರಿಕೊಳ್ಳುವ ಸದ್ದು, ಶೇ 1ರ ಒಳಗಿತ್ತು. ಅಲ್ಲಿಂದ ಕೆಳಗೆ ಇಳಿದಂತೆ ಏರುತ್ತಾ ಹೋಗಿ 1500ರ ಹತ್ತಿರ ಮೂರನೆಯ ಹಾರ್ಮೋನಿಕ್ (ಮೂಲದ ಮೂರು ಪಟ್ಟು ಹರ್ಟ್ಜ್‌ನಲ್ಲಿ ಸೇರುವ ಬೇಡದ ಸದ್ದು) ಒಂದೇ ಶೇ 5 ದಾಟಿತು. ಇನ್ನೊಂದು ಪೆಟ್ಟು ಅಂದರೆ, 8000 ಹರ್ಟ್ಜ್‌ಗಿಂತ ಮೇಲೆ ಎಡದ ಟ್ವೀಟರಿಗೂ ಬಲದ ಟ್ವೀಟರಿಗೂ 3 ಡೆಸಿಬಲ್ ವ್ಯತ್ಯಾಸ. ‘ಮ್ಯಾಚ್ಡ್ ಪೇರ್’ ಅಂತ ಡಬ್ಬಿಯ ಮೇಲೇ ಅಚ್ಚು ಹಾಕಿತ್ತು. ಕಳಿಸಿದ್ದ ಗ್ರಾಫ್ ಅಷ್ಟು ನೇರವಾಗಿದ್ದರ ಗುಟ್ಟೂ ಸಿಕ್ಕಿತು. ನಮ್ಮ ಅಳತೆಗೆ ಮೂರನೇ ಒಂದು ಆಕ್ಟೇವ್ ಸ್ಮೂಥಿಂಗ್ (ಹರ್ಟ್ಜ್ ಎರಡು ಪಟ್ಟಾದರೆ ಒಂದು ಆಕ್ಟೇವ್, ಅದರ ಮೂರನೇ ಒಂದರಷ್ಟು ಅಗಲಕ್ಕೆ ಅಕ್ಕಪಕ್ಕದ ಅಳತೆಗಳ ಸರಾಸರಿ) ಹಾಕಿದ ತಕ್ಷಣ ಅದೂ ಅವರ ಗ್ರಾಫಿನಂತೆಯೇ ನುಣ್ಣಗಾಯಿತು. ಏರಿಳಿತವೆಲ್ಲ ಅದರಡಿ ಮುಚ್ಚಿಹೋಗಿತ್ತು.

ಯಾಕೆ ಹೀಗಾಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದೆ ಯಾರೂ ನಿಮ್ಮನ್ನು ಮೋಸ ಮಾಡಲಾರರು, ಅದಕ್ಕೆ ಬರೆಯುತ್ತಿದ್ದೇನೆ. ಈ ಟ್ವೀಟರಿನಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿ, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿ, ಬಲವಾದ ಅಯಸ್ಕಾಂತದ ನಡುವೆ ನಿಲ್ಲಿಸಿರುತ್ತಾರೆ. ಕರೆಂಟ್ ಹರಿದಾಗ ಹಾರ್ಮೋನಿಯಂ ತಿದಿಯ ಹಾಗೆ ನೆರಿಗೆಗಳು ಒತ್ತಿಕೊಂಡು ಬಿಚ್ಚಿಕೊಳ್ಳುತ್ತವೆ, ನಡುವಿನ ಗಾಳಿ ಪೊರೆಗಿಂತ ನಾಲ್ಕೈದು ಪಟ್ಟು ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಆ ಚುರುಕು ನಿಜವಾದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೆರಿಗೆ ಅಲುಗಾಡಲು ಇರುವ ಜಾಗ ಕೂದಲೆಳೆಯಷ್ಟು. ಅಷ್ಟೇ ಜೋರಿನ ಸದ್ದನ್ನು ಒಂದು ಆಕ್ಟೇವ್ ಕೆಳಗೆ ಕೊಡಬೇಕಾದರೆ ನಾಲ್ಕು ಪಟ್ಟು ಹೆಚ್ಚು ಗಾಳಿ ತಳ್ಳಬೇಕು. 3000ದಿಂದ 1500ಕ್ಕೆ ಇಳಿಸಿದಿರಿ ಅಂದರೆ ಕೇಳಿದ್ದು ಆ ನಾಲ್ಕು ಪಟ್ಟನ್ನು. ಅಂಗೈಗಿಂತ ಚಿಕ್ಕ ಪೊರೆ ಅದನ್ನು ಎಲ್ಲಿಂದ ತರಬೇಕು?

‘ಎಎಂಟಿ ಕೆಳಗಿನವರೆಗೂ ಹೋಗುತ್ತೆ’ ಅನ್ನುವ ಮಾತಿಗೆ ಒಂದು ಮೂಲ ಇದೆ. ಇದನ್ನು ಕಂಡುಹಿಡಿದವರು ಜರ್ಮನ್ ಭೌತವಿಜ್ಞಾನಿ ಆಸ್ಕರ್ ಹೈಲ್. 1930ರ ದಶಕದಲ್ಲೇ ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರಿನ ಕಲ್ಪನೆಗೆ ಪೇಟೆಂಟ್ ಪಡೆದಿದ್ದವರು ಅವರೇ. 1970ರ ದಶಕದಲ್ಲಿ ಅಮೆರಿಕದ ಇಎಸ್‌ಎಸ್ ಕಂಪನಿ ಅವರ ಟ್ವೀಟರನ್ನು ಮಾರುಕಟ್ಟೆಗೆ ತಂದಾಗ ಅದನ್ನು ಸಾವಿರ ಹರ್ಟ್ಜ್‌ಗಿಂತ ಕೆಳಗೇ ಕ್ರಾಸ್ ಮಾಡಿದ್ದರು. ಆದರೆ ಅದು ದೊಡ್ಡ ಪೊರೆ, ಭಾರೀ ಅಯಸ್ಕಾಂತ, ಹಿಂದೆ ಮುಂದೆ ಎರಡೂ ಕಡೆ ತೆರೆದದ್ದು, ಬಾಕ್ಸಿನ ತಲೆಯ ಮೇಲೆ ಕೂರುತ್ತಿದ್ದ ಘಟಕ. ಆ ದೊಡ್ಡದರ ಕೀರ್ತಿಯನ್ನು ಈ ಚಿಕ್ಕದಕ್ಕೆ ಅಂಟಿಸಿ ಮಾರುವುದು ಅನ್ಯಾಯ.

ಟ್ವೀಟರ್ ಕೈಗೆ ಬಂದ ಮೇಲೆ ಬೆಸುಗೆ ಹಾಕುವ ಮೊದಲೇ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಅಂತ ಬರೆದಿದ್ದರೆ ಅದರ ಆಸುಪಾಸೇ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ಪಟ್ಟಿ ಹರಿದಿದೆ, ಇಲ್ಲವೇ ಅದು ಹರಳಿನಿಂದ ಸದ್ದು ಮಾಡುವ ಪಿಯೆಜೋ ಟ್ವೀಟರ್. ಎಎಂಟಿಯ ಇಂಪೀಡೆನ್ಸ್ (ಬೇರೆ ಬೇರೆ ಹರ್ಟ್ಜ್‌ನಲ್ಲಿ ಕರೆಂಟಿಗೆ ಒಡ್ಡುವ ತಡೆ) ಮೇಲಿಂದ ಕೆಳಗಿನವರೆಗೆ ಹೆಚ್ಚು ಕಡಿಮೆ ನೇರ ಗೆರೆ. ಇಂಪೀಡೆನ್ಸ್ ಗ್ರಾಫಿನಲ್ಲಿ ಸಾವಿರ ಹರ್ಟ್ಜ್ ಆಸುಪಾಸು ಗುಡ್ಡದಂಥ ಏರು ಕಂಡರೆ, ಜಾಲರಿಯ ಹಿಂದೆ ಸಾಮಾನ್ಯ ಡೋಮ್ ಕೂರಿಸಿದ್ದಾರೆ ಅನ್ನುವ ಅನುಮಾನ ಬರಬೇಕು. ಟಾರ್ಚ್ ಹಾಕಿ ಸೀಳುಗಳ ಒಳಗೆ ನೋಡಿ, ನೆರಿಗೆಗಳು ಸಮನಾಗಿ ನಿಂತಿವೆಯಾ ಅಂತ. ಬೆರಳು, ಬ್ರಷ್, ವ್ಯಾಕ್ಯೂಮ್ ಕ್ಲೀನರ್ ಯಾವುದನ್ನೂ ತಾಗಿಸಬೇಡಿ. ವೆಲ್ಡಿಂಗ್ ಶಾಪು, ಲೇತ್ ಇರುವ ಕಡೆ ಡಬ್ಬಿ ತೆರೆಯಲೇಬೇಡಿ. ಗಾಳಿಯಲ್ಲಿರುವ ಕಬ್ಬಿಣದ ಪುಡಿಯನ್ನು ಆ ಅಯಸ್ಕಾಂತ ಎಳೆದುಕೊಂಡರೆ ಬಿಡಿಸುವುದು ಬಹಳ ಕಷ್ಟ.

ಕೇಳುವವರು ಕೂರುವ ಎತ್ತರದ ವಿಚಾರವನ್ನು ಯಾವ ಹಾಳೆಯಲ್ಲೂ ಎದ್ದು ಕಾಣುವಂತೆ ಬರೆಯುವುದಿಲ್ಲ. ಪೊರೆ 10 ಸೆಂಟಿಮೀಟರ್ ಉದ್ದ ಇದ್ದರೆ, ಸುಮಾರು 3400 ಹರ್ಟ್ಜ್‌ನಿಂದ ಮೇಲೆ ಸದ್ದು ಮೇಲಕ್ಕೂ ಕೆಳಕ್ಕೂ ಹರಡುವುದು ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿ ಚಾಪೆಯ ಮೇಲೆ ಕೂತಿರುತ್ತಾರೆ, ಅಪ್ಪ ಕುರ್ಚಿಯಲ್ಲಿ, ಹುಡುಗರು ದಿವಾನದ ಮೇಲೆ. ಒಬ್ಬರಿಗೆ ಹೊಳಪಾಗಿ ಕೇಳಿದ್ದು ಇನ್ನೊಬ್ಬರಿಗೆ ಮಬ್ಬು. ಎಲ್ಲರೂ ಸೇರಿ ಕೇಳುವ ಮನೆಯಾದರೆ ಉದ್ದ ಪೊರೆಯದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಿಂಭಾಗ ತೆರೆದ ಮಾದರಿಯಾದರೆ ಅದಕ್ಕೆ ಬಾಕ್ಸಿನೊಳಗೆ ಪ್ರತ್ಯೇಕ ಮುಚ್ಚಿದ ಗೂಡು ಬೇಕೇಬೇಕು, ಇಲ್ಲವಾದರೆ ವೂಫರಿನ ಒತ್ತಡ ಪೊರೆಯನ್ನು ನುಗ್ಗುಮಾಡುತ್ತದೆ. ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ಹಂಚುವ ಸಾಧನ) ಇಟ್ಟು ಟ್ವೀಟರಿಗೇ ಬೇರೆ ಆಂಪ್ಲಿಫೈಯರ್ ಕೊಡುವವರು ಒಂದು ಕೆಪಾಸಿಟರನ್ನು ಸರಣಿಯಲ್ಲಿ ಹಾಕಿ. 4 ಓಮ್ ಟ್ವೀಟರಿಗೆ 47 ಮೈಕ್ರೋಫ್ಯಾರಡ್ ಆದರೆ ಸುಮಾರು 850 ಹರ್ಟ್ಜ್‌ಗಿಂತ ಕೆಳಗಿನದನ್ನು ತಗ್ಗಿಸುತ್ತಾ ಹೋಗುತ್ತದೆ. ನಮ್ಮ ಕಡೆ ಕರೆಂಟ್ ಹೋಗಿ ಬಂದಾಗಲೆಲ್ಲ ಆಂಪ್ಲಿಫೈಯರ್ ‘ಧಡ್’ ಅನ್ನುವುದಿದೆಯಲ್ಲ, ಆ ಒಂದು ಹೊಡೆತ ಸಾಕು ಪಟ್ಟಿ ಸುಡಲು. ದುಗ್ಗಮ್ಮನ ಜಾತ್ರೆಗೆ ಸೌಂಡ್ ಹಾಕುವ ಗೆಳೆಯನೊಬ್ಬ ಇದೇ ಟ್ವೀಟರನ್ನು ಸ್ಟೇಜ್ ಮಾನಿಟರಿಗೆ ತರಿಸುವವನಿದ್ದ. ನಮ್ಮ ಅಳತೆ ತೋರಿಸಿ ತಡೆದೆ. ವೇದಿಕೆಗೆಂದೇ ಮಾಡಿದ ದೊಡ್ಡ ಎಎಂಟಿಗಳು ಬೇರೆ ಇವೆ, ಅವುಗಳ ಬೆಲೆಯೂ ಬೇರೆ.

8 ಇಂಚಿನ ವೂಫರ್ ಇರುವವರು ವೇವ್‌ಗೈಡ್ (ಸದ್ದು ಹರಡುವ ದಿಕ್ಕು ತಿದ್ದುವ ಕಹಳೆಯಂಥ ಬಾಯಿ) ಇರುವ ಡೋಮ್ ನೋಡಿ. ಚಿಕ್ಕ ಎಎಂಟಿಯೇ ಬೇಕೆಂದರೆ 5 ಇಂಚಿನ ವೂಫರ್ ಹಾಕಿ, 3000ದ ಮೇಲೆ ಕಡಿದಾಗಿ ಕ್ರಾಸ್ ಮಾಡಿ, ಆಗ ಅದು ನಿಜಕ್ಕೂ ಚೆಂದ ಹಾಡುತ್ತದೆ. ಆರ್ಡರ್ ಮಾಡುವ ಮೊದಲು ಸ್ಮೂಥಿಂಗ್ ಇಲ್ಲದ ಗ್ರಾಫ್ ಕೇಳಿ, ಯಾವ ಜೋರಿನಲ್ಲಿ ಅಳೆದದ್ದು ಅಂತ ಬರೆದಿರುವ ಡಿಸ್ಟಾರ್ಶನ್ ಗ್ರಾಫ್ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

ನಮ್ಮ ಮಾರಾಟಗಾರ ವಾಪಸ್ ತೆಗೆದುಕೊಳ್ಳಲಿಲ್ಲ. “ಬೆಸುಗೆ ಹಾಕಿದ್ದೀರಿ, ಇನ್ನು ಆಗಲ್ಲ ಸರ್” ಅಂತ ಫೋನ್ ಇಟ್ಟರು. ಸ್ವಲ್ಪ ಸಮಯದಲ್ಲೇ ಅವರ ಪುಟದಲ್ಲಿ 1500 ಇದ್ದದ್ದು 2800 ಆಗಿತ್ತು. ಮೊದಲಿನ ಪುಟದ ಸ್ಕ್ರೀನ್‌ಶಾಟ್, ಆ ಮೆಸೇಜು, ಬಿಲ್ಲು ಎಲ್ಲ ನಮ್ಮ ಹತ್ತಿರ ಇವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದೆಂದು ಭಾವ ನಿರ್ಧರಿಸಿದ್ದಾರೆ. 2019ರ ಕಾಯ್ದೆಯ ಪ್ರಕಾರ ಮಾರಿದವನು ಯಾವ ಊರಿನವನಾದರೂ ಕೊಂಡವರು ತಮ್ಮ ಊರಿನಲ್ಲೇ ದೂರು ಹೂಡಬಹುದು, ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನೀವೂ ಹಣ ಕಳಿಸುವ ಮೊದಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ.