ಬೀದರ್‌ನಿಂದ ಫುಟ್‌ಬಾಲ್: ಫೋನು, ಚಹಾದಂಗಡಿ, ಗಚ್ಚಿಬೌಲಿ, ಕಂಠೀರವ

ಬೀದರ್‌ನಲ್ಲಿ ಕ್ರಿಕೆಟ್ ಹುಚ್ಚು ಹಿಡಿಯೋಕೆ ಏನೂ ಕಷ್ಟಪಡಬೇಕಿಲ್ಲ. ಸುಮ್ನೆ ಓಣಿಯಲ್ಲಿ ನಿಂತರೆ ಸಾಕು. ಫುಟ್‌ಬಾಲ್ ಹಾಗಲ್ಲ, ನಾವೇ ಹುಡುಕಿಕೊಂಡು ಹೋಗಬೇಕು. ಮನೆಯಲ್ಲಿ ಫೋನಿನಲ್ಲಿ ನೋಡಿದ್ದೇನೆ, ಚಹಾದಂಗಡಿಯ ಗುಂಪಿನಲ್ಲಿ ನೋಡಿದ್ದೇನೆ, ಹೈದರಾಬಾದ್ ಮತ್ತು ಬೆಂಗಳೂರಿನ ಸ್ಟೇಡಿಯಂಗಳಲ್ಲಿ ನೋಡಿದ್ದೇನೆ, ನಮ್ಮೂರ ಮೈದಾನದ ಅಂಚಿನಲ್ಲೂ ನಿಂತಿದ್ದೇನೆ. ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಹೇಳೋದು ಸ್ವಲ್ಪ ಉಲ್ಟಾ: ಮೊದಲು ಸ್ಟೇಡಿಯಂಗೆ ಹೋಗಿ, ಫೋನು ಆಮೇಲೆ.

ಫೋನಿನ ಲಾಭ ಎಲ್ಲರಿಗೂ ಗೊತ್ತು. ಖರ್ಚು ಕಡಿಮೆ, ಜಗತ್ತಿನ ಒಳ್ಳೆಯ ಆಟಗಾರರೆಲ್ಲ ಅಂಗೈಯಲ್ಲೇ ಸಿಗುತ್ತಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮ್ಯಾಚುಗಳು ಶನಿವಾರ, ಭಾನುವಾರ ಸಂಜೆಯೇ ಶುರುವಾಗುತ್ತವೆ, ಆರಾಮ. ಚಾಂಪಿಯನ್ಸ್ ಲೀಗ್ ಆದರೆ ಮಧ್ಯರಾತ್ರಿ ದಾಟಿದ ಮೇಲೆ. ಮರುದಿನ ಕೆಲಸ ಇದ್ದವರಿಗೆ ಅದು ಶಿಕ್ಷೆ. ಇನ್ನೊಂದು ತಲೆನೋವು ಎಂದರೆ ಇಂಟರ್ನೆಟ್ ತಡ. ಪೆನಾಲ್ಟಿ ಹೊಡೆಯೋನು ನನ್ನ ಫೋನಿನಲ್ಲಿ ಇನ್ನೂ ಚೆಂಡು ಇಡುತ್ತಿರುತ್ತಾನೆ, ಅಷ್ಟರಲ್ಲಿ ಪಕ್ಕದ ಮನೆಯ ಡಿಶ್ ಟಿವಿಯವರು "ಗೋಲ್!" ಅಂತ ಕೂಗಿಬಿಡುತ್ತಾರೆ. ಆಮೇಲೆ ನೋಡೋಕೆ ಏನಿದೆ?

ಆದರೆ ನನ್ನ ಮುಖ್ಯ ತಕರಾರು ಬೇರೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಹೊಸಬರಿಗೆ ಕಾಣೋದು ಚೆಂಡು ಮತ್ತು ಅದರ ಸುತ್ತ ಏಳೆಂಟು ಜನ ಮಾತ್ರ. ಇಪ್ಪತ್ತು ನಿಮಿಷ ಗೋಲು ಬರದಿದ್ದರೆ "ಇದರಲ್ಲಿ ಏನಿದೆ" ಅನಿಸಿ ಚಾನೆಲ್ ಬದಲಾಗುತ್ತದೆ. ಬದಲಾಯಿಸಿದವರ ತಪ್ಪಲ್ಲ ಅದು.

ಚಹಾದಂಗಡಿ ವಿಶ್ವಕಪ್‌ಗೆ ಮಾತ್ರ. 2022ರ ಡಿಸೆಂಬರ್ 18ರ ಫೈನಲ್ ಅಂಥ ಗುಂಪಿನಲ್ಲೇ ನೋಡಿದೆ. ಅರ್ಜೆಂಟೀನಾ, ಫ್ರಾನ್ಸ್ 3-3, ಎಂಬಾಪೆಯ ಹ್ಯಾಟ್ರಿಕ್, ಕೊನೆಗೆ ಪೆನಾಲ್ಟಿಯಲ್ಲಿ ಮೆಸ್ಸಿಗೆ ಕಪ್. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಬೈಗುಳ ಹಾರಾಡಿದವು. ಮಜಾ ಅಂದರೆ ಮಜಾ. ಆದರೆ ಮರುವಾರ ಆ ಅಂಗಡಿಯಲ್ಲಿ ಮತ್ತೆ ಕ್ರಿಕೆಟ್ಟೇ.

ಈಗ ಸ್ಟೇಡಿಯಂ. ನಮಗೆ ಹತ್ತಿರ ಹೈದರಾಬಾದಿನ ಗಚ್ಚಿಬೌಲಿ. ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿದರೆ ಬಂದೇಬಿಟ್ಟಿತು. ಹೈದರಾಬಾದ್ ಪೇಟೆಯೊಳಗೆ ನುಗ್ಗಬೇಕಾಗಿಯೇ ಇಲ್ಲ. ಮಧ್ಯಾಹ್ನ ಊಟ ಮಾಡಿ ಹೊರಟರೂ ಏಳೂವರೆಯ ಮ್ಯಾಚಿಗೆ ಸಮಯ ಉಳಿಯುತ್ತಿತ್ತು. ಅಲ್ಲಿ ಆಡುತ್ತಿದ್ದ ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಗೋವಾದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದಿತ್ತು. ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ನ ಮೂರು ಪೆನಾಲ್ಟಿ ತಡೆದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ. ಹುಡುಗ ಗೋವಾದವನು, ಆದರೆ ಕಟ್ಟಿಮನಿ ಅನ್ನೋ ಹೆಸರು ಕೇಳಿ ನಮ್ಮ ಕಡೆಯವರ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ನಮಗೆ ಹೈದರಾಬಾದ್ ಫುಟ್‌ಬಾಲ್ ಪೂರ್ತಿ ಪರಕೀಯವೂ ಅಲ್ಲ. 1951 ಮತ್ತು 1962ರಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದ ಕೋಚ್ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು. 1956ರ ನವೆಂಬರ್ 1ರವರೆಗೆ ಬೀದರ್ ಕೂಡ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ವರ್ಷದ ಕೊನೆಗೇ ರಹೀಮರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆಯಿತು.

ಗಚ್ಚಿಬೌಲಿಯ ಕೊರತೆ ಜನ. ದೊಡ್ಡ ಸ್ಟೇಡಿಯಂ, ಖಾಲಿ ಕುರ್ಚಿಗಳೇ ಜಾಸ್ತಿ. ವಿಚಿತ್ರ ಎಂದರೆ ಕಲಿಯೋಕೆ ಅದೇ ಒಳ್ಳೆಯದಾಯಿತು. ಮಧ್ಯದ ಗೆರೆಗೆ ನೇರವಾಗಿ, ಮೇಲಿನ ಸಾಲಿನಲ್ಲಿ ಹೋಗಿ ಕೂತೆ. ಚೆಂಡು ಬಲಗಡೆ ಮೂಲೆಯಲ್ಲಿದ್ದಾಗ ಎಡಗಡೆಯ ವಿಂಗರ್ ಒಬ್ಬನೇ ಕೈ ಎತ್ತಿಕೊಂಡು ನಿಂತಿರುತ್ತಾನೆ. ಟಿವಿಯಲ್ಲಿ ಅವನು ಇರೋದೇ ಇಲ್ಲ! ನಾಲ್ಕು ಡಿಫೆಂಡರ್‌ಗಳು ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಒಟ್ಟಿಗೆ ಮುಂದೆ ಬರುತ್ತಾರೆ, ಒಟ್ಟಿಗೆ ಹಿಂದೆ ಸರಿಯುತ್ತಾರೆ. ಸ್ಟ್ರೈಕರ್ ಆ ಸಾಲಿನ ಅಂಚಿನಲ್ಲೇ ಅಡ್ಡಡ್ಡ ಓಡುತ್ತಾ, ಪಾಸ್ ಹೊರಡುವ ಕ್ಷಣಕ್ಕೆ ಕಾಯುತ್ತಾನೆ. ಪಾಸ್‌ಗಿಂತ ಮೊದಲೇ ಅರ್ಧ ಹೆಜ್ಜೆ ಆ ಸಾಲು ದಾಟಿದರೆ ಲೈನ್ಸ್‌ಮನ್ ಬಾವುಟ ಮೇಲೆ. ಎಷ್ಟು ಜನ ವಿವರಿಸಿದರೂ ತಲೆಗೆ ಹೋಗದ ಆಫ್‌ಸೈಡ್ ಅಲ್ಲಿ ತಾನಾಗಿ ಅರ್ಥವಾಯಿತು.

ಬೇಸರದ ಸಂಗತಿ, ಹೈದರಾಬಾದ್ ಎಫ್‌ಸಿ ಈಗ ಅಲ್ಲಿಲ್ಲ. 2025ರಲ್ಲಿ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ನಮ್ಮ ಪಾಲಿಗೆ ಹತ್ತಿರದ ಐಎಸ್‌ಎಲ್ ಬಾಗಿಲು ಮುಚ್ಚಿದ ಹಾಗೇ.

ಉಳಿದದ್ದು ಬೆಂಗಳೂರಿನ ಕಂಠೀರವ ಸ್ಟೇಡಿಯಂ. ರಾತ್ರಿಯಿಡೀ ಪ್ರಯಾಣ, ಹೋಗಿ ಬರೋಕೆ ಟಿಕೆಟ್‌ನ ಎಷ್ಟೋ ಪಟ್ಟು ಖರ್ಚು. ಆಟ ಓದೋಕೆ ಗಚ್ಚಿಬೌಲಿಗಿಂತ ಹೆಚ್ಚೇನಿಲ್ಲ. ಇಲ್ಲೂ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟಗಾರರು ದೂರವೇ. ಆದರೆ ಸದ್ದು! ಬೆಂಗಳೂರು ಎಫ್‌ಸಿಯ ಅಭಿಮಾನಿ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಡೋಲು ಹಿಡಿದು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ. ಅವರ ಹತ್ತಿರ ಕೂತರೆ ಮ್ಯಾಚು ಅರ್ಧ ಕಾಣೋದಿಲ್ಲ, ಗಂಟಲು ಮಾತ್ರ ಪೂರ್ತಿ ಹೋಗುತ್ತದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿದ್ದು. ಅಭಿಮಾನಕ್ಕೆ ಕಾರಣ ಹುಡುಕಬೇಕಿಲ್ಲ.

ಫೋನಿಗೂ ಅದರ ಪಾಲು ಕೊಡಬೇಕು. 2023ರ ಮಾರ್ಚ್ 3ರಂದು ಇದೇ ಕಂಠೀರವದಲ್ಲಿ ಬೆಂಗಳೂರಿಗೆ ಕೇರಳ ಬ್ಲಾಸ್ಟರ್ಸ್ ವಿರುದ್ಧ ಐಎಸ್‌ಎಲ್ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್ ಒಳಗೆ ಕಳಿಸಿಬಿಟ್ಟ. ರೆಫರಿ ಗೋಲು ಕೊಟ್ಟರು, ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ನಾನು ಫೋನಿನಲ್ಲಿದ್ದೆ, ಮರುಪ್ರಸಾರದಲ್ಲಿ ನಾಲ್ಕು ಸಲ ತೋರಿಸಿದರು. ಸ್ಟೇಡಿಯಂನಲ್ಲಿದ್ದ ಗೆಳೆಯ ಫೋನ್ ಮಾಡಿ ಕೇಳಿದ್ದು, "ಏನಾಯ್ತೋ, ಯಾಕೆ ಎಲ್ಲ ಹೊರಟರು?"

ಇನ್ನು ನಮ್ಮೂರ ಮೈದಾನ. ಪಾಸುಗಳು ನೆಟ್ಟಗಿರೋದಿಲ್ಲ, ಬೀದರ್‌ನ ಕೆಂಪು ಕಲ್ಲುನೆಲದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೋ ಅದಕ್ಕೇ ಗೊತ್ತು. ಜಾರಿ ಬಿದ್ದವನ ಮೊಣಕಾಲು ಮಣ್ಣಿನ ಬಣ್ಣಕ್ಕೇ ತಿರುಗಿರುತ್ತದೆ. ಆದರೆ ಎರಡು ಹೆಜ್ಜೆ ದೂರದಲ್ಲಿ ಇಬ್ಬರು ಡಿಕ್ಕಿ ಹೊಡೆದ ಸದ್ದು, "ಹಿಂದೆ ಇದ್ದಾನೆ ನೋಡೋ" ಅನ್ನೋ ಕೂಗು ಯಾವ ಸ್ಪೀಕರ್‌ನಲ್ಲೂ ಬರೋದಿಲ್ಲ. ಕಂಠೀರವಕ್ಕೆ ವರ್ಷಕ್ಕೊಮ್ಮೆ ಹೋದರೆ ಸಾಕು, ಇಲ್ಲಿಗೆ ವಾರವಾರ ಹೋಗಬಹುದು. ದುಡ್ಡಿಲ್ಲ, ಟಿಕೆಟ್ಟಿಲ್ಲ. ಗೋಲಿನ ಹಿಂದೆ ಮಾತ್ರ ನಿಲ್ಲಬೇಡಿ, ಬಲೆ ಇರೋದಿಲ್ಲ.