ಏಸ್ ಮೊದಲಾ, ಅಗ್ಗದ ಪಿಚರ್‌ಗಳಾ, ದಿನಕ್ಕೊಬ್ಬರಾ? ಫ್ಯಾಂಟಸಿ ಬೇಸ್‌ಬಾಲ್‌ನ ಮೂರು ದಾರಿಗಳ ಹೋಲಿಕೆ

ನಿಜವಾದ ಬೇಸ್‌ಬಾಲ್ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ಅಂಕಿಅಂಶದಿಂದ ಅಂಕ ಗಳಿಸುವ ಆಟ ಫ್ಯಾಂಟಸಿ ಬೇಸ್‌ಬಾಲ್. ಅದರಲ್ಲಿ ಬ್ಯಾಟರ್‌ಗಳನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲ. ತಲೆ ತಿನ್ನುವುದು ಪಿಚಿಂಗ್, ಅಂದರೆ ಚೆಂಡು ಎಸೆಯುವವರ ಆಯ್ಕೆ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಗೆಳೆಯರ ಗುಂಪಿನಲ್ಲಿ ಮಾರ್ಚ್ ಬಂತೆಂದರೆ ಇದೇ ಜಗಳ. ಸರದಿ ಪ್ರಕಾರ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ದೊಡ್ಡ ಪಿಚರ್‌ನನ್ನು, ಅಂದರೆ ಏಸ್ ಒಬ್ಬನನ್ನು, ತಗೋಬೇಕು ಅಂತ ಒಬ್ಬ. ಪಿಚರ್‌ಗಳನ್ನು ಕೊನೆಗೆ ನೋಡಿಕೊಂಡರಾಯಿತು ಅಂತ ಇನ್ನೊಬ್ಬ. ಡ್ರಾಫ್ಟೇ ಬೇಡ, ಅಂದಂದಿನ ಪಿಚರ್‌ನನ್ನು ಅಂದಂದೇ ತಂದು ಆಡಿಸಿದರೆ ಸಾಕು ಅಂತ ಮೂರನೆಯವನು. ಮೂರೂ ದಾರಿಯಲ್ಲಿ ನಾನು ಆಡಿ ನೋಡಿದ್ದೇನೆ. ನನ್ನ ಮಟ್ಟಿಗೆ ತೀರ್ಪು ಸಿಕ್ಕಿದೆ.

ಮೊದಲು ನಮ್ಮ ನಿಯಮ ಹೇಳಿಬಿಡುತ್ತೇನೆ, ಯಾಕಂದ್ರೆ ನಿಯಮ ಬದಲಾದರೆ ಉತ್ತರವೂ ಬದಲಾಗುತ್ತದೆ. 12 ತಂಡಗಳ ರೊಟೊ ಲೀಗ್. ಬ್ಯಾಟಿಂಗ್‌ಗೆ ಐದು ವಿಭಾಗ, ಪಿಚಿಂಗ್‌ಗೆ ಐದು. ಒಂದೊಂದು ವಿಭಾಗದಲ್ಲೂ ಮೊದಲು ಬಂದವರಿಗೆ 12 ಅಂಕ, ಕೊನೆಯವರಿಗೆ 1. ಇಡೀ ಸೀಸನ್‌ಗೆ ಒಂದು ತಂಡದ ಪಿಚರ್‌ಗಳಿಗೆಲ್ಲ ಸೇರಿ 1,400 ಇನಿಂಗ್ಸ್ ಮಿತಿ. ಈ ಆಟದ ಬೇರು 1980ರಲ್ಲಿದೆ. ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕ್‌ನ ಒಂದು ಹೋಟೆಲಿನಲ್ಲಿ ಸೇರುತ್ತಿದ್ದರು. ಆ ಹೋಟೆಲಿನ ಹೆಸರಿನಿಂದಲೇ 'ರೊಟಿಸರಿ', ಚಿಕ್ಕದಾಗಿ 'ರೊಟೊ', ಅನ್ನುವ ಹೆಸರು ಬಂತು. ಹಿಟ್ ಮತ್ತು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಸೇರಿ ಇನಿಂಗ್ಸ್‌ಗೆ ಎಷ್ಟು ಜನ ಎದುರಾಳಿಗಳು ಬೇಸ್ ಮುಟ್ಟಿದರು ಎಂದು ಅಳೆಯುವ 'ವಿಪ್' ಲೆಕ್ಕವನ್ನು ಕಟ್ಟಿದ್ದೂ ಓಕ್ರೆಂಟ್ ಅವರೇ.

ಪಿಚಿಂಗ್‌ನ ಐದು ವಿಭಾಗಗಳು ಒಂದೇ ಜಾತಿಯವಲ್ಲ. ಗೆಲುವು, ಸೇವ್ (ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದದ್ದು), ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡಿದ್ದು) ಈ ಮೂರು ಕೂಡುತ್ತಾ ಹೋಗುವ ಲೆಕ್ಕ. ಜಾಸ್ತಿ ಆಡಿಸಿದರೆ ಜಾಸ್ತಿ ಬರುತ್ತವೆ. ಇಆರ್‌ಎ (ಫೀಲ್ಡರ್‌ಗಳ ತಪ್ಪಿನದು ಬಿಟ್ಟು ಪಿಚರ್ ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್) ಮತ್ತು ವಿಪ್ ಮಾತ್ರ ಸರಾಸರಿ, ಕಮ್ಮಿ ಇದ್ದಷ್ಟೂ ಒಳ್ಳೆಯದು. ಒಂದು ಕೆಟ್ಟ ದಿನ ಅಲ್ಲಿ ಕೂತರೆ ಮತ್ತೆ ಅಳಿಸಲು ಆಗದು. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಯಾವ ಪಿಚರ್‌ನನ್ನು ತಗೊಂಡಿರಿ ಅನ್ನುವುದಕ್ಕಿಂತ, ಯಾವ ಇನಿಂಗ್ಸ್‌ಗಳನ್ನು ಬೇಡ ಅಂದಿರಿ ಅನ್ನುವುದೇ ದೊಡ್ಡದು.

2024ರಲ್ಲಿ ಎರಡು ಲೀಗ್‌ಗಳಲ್ಲಿ ಒಂದೇ ನಿಯಮದಲ್ಲಿ ಆಡಿದೆ. ಒಂದರಲ್ಲಿ ಏಸ್ ಮೊದಲು, ಇನ್ನೊಂದರಲ್ಲಿ ಅಗ್ಗದ ಪಿಚರ್‌ಗಳು. ಅದೃಷ್ಟಕ್ಕೆ ಇಡೀ ಹೋಲಿಕೆ ಅಟ್ಲಾಂಟಾ ಬ್ರೇವ್ಸ್ ಎಂಬ ಒಂದೇ ಕ್ಲಬ್ಬಿನೊಳಗೆ ಕಣ್ಣಿಗೆ ಕಟ್ಟಿತು.

ಏಸ್ ತಂಡಕ್ಕೆ ಮೊದಲ ಸುತ್ತಿನಲ್ಲಿ ಸ್ಪೆನ್ಸರ್ ಸ್ಟ್ರೈಡರ್‌ನನ್ನು ತಗೊಂಡೆ. ಹಿಂದಿನ ವರ್ಷ 20 ಗೆಲುವು, 281 ಸ್ಟ್ರೈಕ್‌ಔಟ್ ಮಾಡಿದವನು. ಯಾರೇ ಆಗಲಿ ತಗೊಳ್ಳುತ್ತಿದ್ದರು. ಏಪ್ರಿಲ್‌ನಲ್ಲಿ ಎರಡೇ ಪಂದ್ಯ ಆಡಿದ, 9 ಇನಿಂಗ್ಸ್. ಆಮೇಲೆ ಮೊಣಕೈ ಶಸ್ತ್ರಚಿಕಿತ್ಸೆ, ಇಡೀ ಸೀಸನ್ ಹೋಯಿತು. ಪಾಪ, ಅವನ ತಪ್ಪೇನೂ ಇಲ್ಲ. ಅದೇ ವರ್ಷ ಗೆರಿಟ್ ಕೋಲ್‌ಗೂ ಮೊಣಕೈ ತೊಂದರೆ, ಜೂನ್‌ವರೆಗೆ ಕಣಕ್ಕೆ ಇಳಿಯಲಿಲ್ಲ. ಶೇನ್ ಬೀಬರ್ ಎರಡು ಪಂದ್ಯಕ್ಕೇ ನಿಂತ. ಗಂಟೆಗೆ 150 ಕಿಲೋಮೀಟರ್ ಮೀರಿ ಚೆಂಡು ಎಸೆಯುವ ಕೈಗೆ ಗ್ಯಾರಂಟಿ ಇಲ್ಲ. ಮೊದಲ ಸುತ್ತಿನ ಬ್ಯಾಟರ್‌ಗೂ ಗಾಯ ಆಗಬಹುದು, ನಿಜ. ಆದರೆ ಬ್ಯಾಟರ್ ಹೆಚ್ಚುಕಮ್ಮಿ ದಿನಾ ಆಡುತ್ತಾನೆ, ಐದೂ ವಿಭಾಗಕ್ಕೆ ಕೊಡುತ್ತಾನೆ. ಸ್ಟ್ರೈಡರ್ ಬದಲು ಬಾಬಿ ವಿಟ್‌ನನ್ನು ತಗೊಂಡಿದ್ದವರಿಗೆ ಆ ವರ್ಷ 32 ಹೋಮ್ ರನ್, 31 ಕದ್ದ ಬೇಸ್, .332 ಸರಾಸರಿ ಒಬ್ಬನಿಂದಲೇ ಬಂತು.

ಇನ್ನೊಂದು ತಂಡದಲ್ಲಿ ಮೊದಲ ಏಳೆಂಟು ಸುತ್ತು ಪಿಚರ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. ಇದು ಹೊಸದೇನಲ್ಲ. ರಾನ್ ಶಾಂಡ್ಲರ್ ಬೆಳೆಸಿದ 'ಲೀಮಾ ಪ್ಲಾನ್' ಇದೇ ದಾರಿ. ಹರಾಜು ಲೀಗ್‌ನ 260 ಡಾಲರ್‌ನಲ್ಲಿ ಪಿಚಿಂಗ್‌ಗೆ 60 ಮಾತ್ರ ಇಟ್ಟು, ಹೆಸರು ನೋಡದೆ ಗುಣ ನೋಡಿ ಕೊಳ್ಳುವುದು. ನಾನು ಹತ್ತನೇ ಸುತ್ತಿನ ಆಸುಪಾಸಿನಲ್ಲಿ ಕ್ರಿಸ್ ಸೇಲ್‌ನನ್ನು ತಗೊಂಡೆ. ವರ್ಷಗಟ್ಟಲೆ ಗಾಯದಲ್ಲಿ ಕಳೆದಿದ್ದ, ಹಾಗಾಗಿ ಬೆಲೆ ಬಿದ್ದಿತ್ತು. ಕೊನೆಯ ಸುತ್ತುಗಳಲ್ಲಿ ರೆನಾಲ್ಡೊ ಲೋಪೆಜ್, ಸೆತ್ ಲೂಗೊ, ಗ್ಯಾರೆಟ್ ಕ್ರೋಶೆ ಸಿಕ್ಕರು. ಸೇಲ್ 18 ಗೆಲುವು, 2.38 ಇಆರ್‌ಎ, 225 ಸ್ಟ್ರೈಕ್‌ಔಟ್ ಮಾಡಿ ನ್ಯಾಷನಲ್ ಲೀಗ್‌ನ ಟ್ರಿಪಲ್ ಕ್ರೌನ್ (ಈ ಮೂರರಲ್ಲೂ ಮೊದಲ ಸ್ಥಾನ) ಮತ್ತು ವರ್ಷದ ಉತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಎರಡನ್ನೂ ಗೆದ್ದ. ಪಂದ್ಯದ ನಡುವೆ ಎಸೆಯಲು ಬರುವವರ ಬುಲ್‌ಪೆನ್‌ ಬಿಟ್ಟು, ಪಂದ್ಯ ಶುರು ಮಾಡುವ ಸ್ಟಾರ್ಟರ್ ಆದ ಲೋಪೆಜ್ 1.99 ಇಆರ್‌ಎ ಕೊಟ್ಟ. ಸ್ಟ್ರೈಡರ್, ಸೇಲ್, ಲೋಪೆಜ್ ಮೂವರೂ ಒಂದೇ ಕ್ಲಬ್. ಬೆಲೆ ಜಾಸ್ತಿ ಇದ್ದವನಿಂದ ಸಿಕ್ಕಿದ್ದು ಕಮ್ಮಿ, ಕಮ್ಮಿ ಇದ್ದವರಿಂದ ಜಾಸ್ತಿ.

ಹಾಗಂತ ಅಗ್ಗದ ದಾರಿ ಸುಖದ ದಾರಿಯಲ್ಲ. ಕೊನೆಯ ಸುತ್ತುಗಳಲ್ಲಿ ತಗೊಂಡ ಬೇರೆ ಮೂರ್ನಾಲ್ಕು ಜನರನ್ನು ಏಪ್ರಿಲ್ ಮುಗಿಯುವುದರೊಳಗೆ ಬಿಟ್ಟುಬಿಡಬೇಕಾಯಿತು. ಕ್ರೋಶೆಯ ಕಥೆ ಇನ್ನೂ ಬೇರೆ. 146 ಇನಿಂಗ್ಸ್‌ಗೆ 209 ಸ್ಟ್ರೈಕ್‌ಔಟ್! ಆದರೆ ಅವನ ತಂಡ ಷಿಕಾಗೊ ವೈಟ್ ಸಾಕ್ಸ್ ಆ ವರ್ಷ 121 ಪಂದ್ಯ ಸೋತಿತು. ಮೇಲಾಗಿ ಜುಲೈ ನಂತರ ಅವನ ಕೈ ಉಳಿಸಲು ನಾಲ್ಕು ಇನಿಂಗ್ಸ್‌ಗೇ ಹೊರಗೆ ಕರೆಯುತ್ತಿದ್ದರು. ಸ್ಟಾರ್ಟರ್‌ಗೆ ಗೆಲುವು ಸಿಗಲು ಐದು ಇನಿಂಗ್ಸ್ ಬೇಕೇ ಬೇಕು. ಅಲ್ಲಿಗೆ ಗೆಲುವಿನ ಬಾಗಿಲು ಮುಚ್ಚಿತು. ವರ್ಷದ ಲೆಕ್ಕ 6 ಗೆಲುವು, 12 ಸೋಲು. ಸೇಲ್ ಮತ್ತು ಲೂಗೊ ಸೇರಿ 34 ಗೆಲುವು ತಂದಿದ್ದರಿಂದ ನಾನು ಉಳಿದುಕೊಂಡೆ.

ಏಸ್ ದಾರಿಗೂ ನ್ಯಾಯ ಸಲ್ಲಬೇಕು. ಅದೇ ಲೀಗ್‌ನಲ್ಲಿ ಗೆಳೆಯನೊಬ್ಬ ಟಾರಿಕ್ ಸ್ಕೂಬಲ್‌ನನ್ನು ತಗೊಂಡಿದ್ದ. 18 ಗೆಲುವು, 2.39, 228 ಸ್ಟ್ರೈಕ್‌ಔಟ್, ಅಮೆರಿಕನ್ ಲೀಗ್‌ನ ಟ್ರಿಪಲ್ ಕ್ರೌನ್. ಅಂಥವನೊಬ್ಬನ ಬೆಲೆಯನ್ನು ಹೀಗೆ ಲೆಕ್ಕ ಹಾಕಿ. 200 ಇನಿಂಗ್ಸ್ ಆಡುವ ಏಸ್‌ನ ಇಆರ್‌ಎ 2.40, ಅವನ ಜಾಗದ ಸಾಧಾರಣ ಪಿಚರ್‌ನದು 3.90 ಅಂದುಕೊಳ್ಳಿ. ವ್ಯತ್ಯಾಸ ಸುಮಾರು 33 ರನ್. ಅದನ್ನು 1,400 ಇನಿಂಗ್ಸ್‌ಗೆ ಹಂಚಿದರೂ ಇಡೀ ತಂಡದ ಇಆರ್‌ಎ 0.21ರಷ್ಟು ಇಳಿಯುತ್ತದೆ. ನಮ್ಮ ಲೀಗ್‌ನಲ್ಲಿ ಅದು ಮೂರ್ನಾಲ್ಕು ಅಂಕದ ಮಾತು. ಆದರೆ ಸ್ಕೂಬಲ್ ಅವನಿಗೆ ಸಿಕ್ಕಿದ್ದು ಮೊದಲ ಸುತ್ತಿನಲ್ಲಲ್ಲ, ನಾಲ್ಕನೆಯದರಲ್ಲಿ. ಏಸ್ ಬೇಕು, ಮೊದಲ ಸುತ್ತಿನ ಬೆಲೆಗೆ ಬೇಡ. ಇಲ್ಲಿಂದಾಚೆ ನನ್ನ ನಿಲುವು ಇದೇ.

ಇನ್ನು ಮೂರನೇ ದಾರಿ, ಸ್ಟ್ರೀಮಿಂಗ್. 2023ರಲ್ಲಿ ಆಡಿದ್ದು. ಬೆಳಿಗ್ಗೆ ಕಾಫಿ ಹೊತ್ತಿಗೆ ಅಂದು ಯಾರು ಪಿಚ್ ಮಾಡುತ್ತಾರೆ ಅಂತ ನೋಡುವುದು. ಎದುರಾಳಿ ಯಾರು, ಯಾವ ಮೈದಾನ, ರಿಗ್ಲಿ ಫೀಲ್ಡ್ ಆದರೆ ಗಾಳಿ ಯಾವ ಕಡೆ. ಖಾಲಿ ಇರುವವರಲ್ಲಿ ಒಬ್ಬನನ್ನು ತಂದು ಆಡಿಸಿ, ಮರುದಿನ ಬಿಡುವುದು. ಆ ವರ್ಷ ಓಕ್ಲೆಂಡ್ 112 ಪಂದ್ಯ ಸೋತಿತ್ತು, ಅವರ ಎದುರು ಯಾರನ್ನು ಇಳಿಸಿದರೂ ನಡೆಯುತ್ತಿತ್ತು. ಕೊಲೊರಾಡೊ ತಂಡ ಮನೆಯಿಂದ ಹೊರಗೆ ಆಡುವಾಗಲೂ ಹಾಗೇ. ಅವರ ಮನೆಯಂಗಳ ಡೆನ್ವರ್‌ನ ಕೂರ್ಸ್ ಫೀಲ್ಡ್ ಮಾತ್ರ ಬೇಡವೇ ಬೇಡ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತದೆ, ಎಸೆದ ಚೆಂಡು ಸರಿಯಾಗಿ ತಿರುಗುವುದೂ ಇಲ್ಲ.

ಸ್ಟ್ರೈಕ್‌ಔಟ್, ಗೆಲುವು ಎರಡೂ ಚೆನ್ನಾಗಿ ಬಂದವು. ಪೆಟ್ಟು ಬಿದ್ದಿದ್ದು ಸರಾಸರಿಗಳಿಗೆ. ಒಂದು ರಾತ್ರಿ ನೆನಪಿದೆ. ನನ್ನ ತಂಡ 500 ಇನಿಂಗ್ಸ್ ಹತ್ತಿರ, ಇಆರ್‌ಎ 3.60. ಅಂದು ಇಳಿಸಿದ ಪಿಚರ್ 3 ಇನಿಂಗ್ಸ್‌ನಲ್ಲಿ 8 ರನ್ ಕೊಟ್ಟ. ಬೆಳಗಾಗುವಷ್ಟರಲ್ಲಿ ಇಆರ್‌ಎ 3.72. ಇಆರ್‌ಎ ಪಟ್ಟಿಯಲ್ಲಿ ತಂಡಗಳು ಒತ್ತೊತ್ತಾಗಿ ನಿಂತಿದ್ದವು, ಒಂದೇ ರಾತ್ರಿಗೆ ಎರಡು ಸ್ಥಾನ ಕೆಳಗಿಳಿದೆ. ಇಂಥದ್ದು ತಿಂಗಳಿಗೆ ಒಂದು ಆದರೂ ಸಾಕು, ಸ್ಟ್ರೈಕ್‌ಔಟ್‌ನಿಂದ ಬಂದದ್ದೆಲ್ಲ ಹೋಯಿತು. ಮೇಲಿಂದ 1,400ರ ಮಿತಿ ಇದೆಯಲ್ಲ, ಕೆಟ್ಟ ಇನಿಂಗ್ಸ್ ಒಳ್ಳೆಯದರ ಜಾಗವನ್ನೂ ತಿನ್ನುತ್ತದೆ.

ಕ್ಲೋಸರ್‌ಗಳ ಬಗ್ಗೆ ಒಂದು ಮಾತು ಸಾಕು. ಕೊನೆಯ ಇನಿಂಗ್ಸ್ ಕಾಯುವ ಇವರನ್ನು ಬರೀ ಸೇವ್‌ಗೆ ಅಂತ ತಗೊಳ್ಳಬೇಡಿ. 2024ರಲ್ಲಿ ಎಮಾನ್ಯುಯೆಲ್ ಕ್ಲಾಸೆ 47 ಸೇವ್ ಜೊತೆಗೆ 74 ಇನಿಂಗ್ಸ್‌ನಲ್ಲಿ ಇಆರ್‌ಎಗೆ ಸೇರುವ ಐದೇ ರನ್ ಕೊಟ್ಟಿದ್ದ. ಅಂಥ ಇಬ್ಬರಿದ್ದರೆ ಸರಾಸರಿ ತಾನಾಗಿ ಇಳಿಯುತ್ತದೆ. ಅಪಾಯವೂ ಇದೆ. 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಎಡ್ವಿನ್ ಡಿಯಾಸ್ ಗೆದ್ದ ಸಂಭ್ರಮದಲ್ಲೇ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡು ಇಡೀ ವರ್ಷ ಕೂರಬೇಕಾಯಿತು.

ಈಗ ಯಾರಾದರೂ ತಮ್ಮ ತಂಡ ತೋರಿಸಿ ಹೇಗಿದೆ ಅಂದರೆ, ನಾನು ಇಆರ್‌ಎ ಮೊದಲು ನೋಡುವುದಿಲ್ಲ. ಎದುರಿಸಿದ ಬ್ಯಾಟರ್‌ಗಳ ಲೆಕ್ಕದಲ್ಲಿ ಸ್ಟ್ರೈಕ್‌ಔಟ್ ಶೇಕಡಾವಾರಿನಿಂದ ವಾಕ್ ಶೇಕಡಾವಾರನ್ನು ಕಳೆಯುತ್ತೇನೆ. ಸರಾಸರಿ ಪಿಚರ್‌ಗೆ 14ರ ಆಸುಪಾಸು ಬರುತ್ತದೆ, 20 ದಾಟಿದವನು ಅಗ್ಗಕ್ಕೆ ಸಿಕ್ಕರೆ ಬಿಡಬಾರದು. ಬ್ಲೇಕ್ ಸ್ನೆಲ್ 2023ರಲ್ಲಿ 2.25 ಇಆರ್‌ಎಯಿಂದ ಸೈ ಯಂಗ್ ಗೆದ್ದ, ಆದರೆ 99 ವಾಕ್ ಕೊಟ್ಟಿದ್ದ. ಮರುವರ್ಷ ಜುಲೈ ಶುರುವಿಗೆ ಅವನ ಇಆರ್‌ಎ 9 ದಾಟಿತ್ತು. ಆಮೇಲೆ ಒಂದು ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದು 3.12ಕ್ಕೆ ತಂದ, ಅದು ದೊಡ್ಡತನ. ಆದರೆ ಅಷ್ಟರೊಳಗೆ ಎಷ್ಟೋ ಜನ ಅವನನ್ನು ಬಿಟ್ಟಾಗಿತ್ತು.

ಹಾಗಾಗಿ ರೊಟೊ ಆಡುವವರಿಗೆ ನನ್ನ ಸಲಹೆ ಇಷ್ಟು. ಮೊದಲ ಎರಡು ಸುತ್ತು ಬ್ಯಾಟರ್‌ಗಳು. ಮೂರು ಅಥವಾ ನಾಲ್ಕನೆಯದರಲ್ಲಿ ಒಬ್ಬ ಏಸ್. ನಡುವೆ ಇಬ್ಬರು ಗಟ್ಟಿ ಕ್ಲೋಸರ್‌ಗಳು. ಉಳಿದ ಜಾಗಕ್ಕೆ ಗುಣ ನೋಡಿ ಅಗ್ಗದವರು. ಸ್ಟ್ರೀಮಿಂಗ್ ಬೇಕೇ ಬೇಕು ಅನಿಸಿದರೆ ಸೆಪ್ಟೆಂಬರ್‌ಗೆ ಇಟ್ಟುಕೊಳ್ಳಿ. ಆಗ ಸರಾಸರಿ ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ, ಇನಿಂಗ್ಸ್ ಎಷ್ಟು ಉಳಿದಿದೆ ಅನ್ನುವುದೂ ಗೊತ್ತಿರುತ್ತದೆ. ವಾರವಾರ ಒಬ್ಬರ ಎದುರು ಒಬ್ಬರು ಆಡುವ ಲೀಗ್ ಆದರೆ ಮಾತ್ರ ಮೂರನೇ ದಾರಿಗೆ ಮೊದಲ ಸ್ಥಾನ ಕೊಡುತ್ತೇನೆ. ಅಲ್ಲಿ ಸೋಮವಾರ ಬಂತೆಂದರೆ ಎಲ್ಲರ ಇಆರ್‌ಎ ಮತ್ತೆ ಸೊನ್ನೆಯಿಂದ ಶುರು.